ಸಮುದ್ರವನ್ನು ನಂಬದವರ ಗೋಪುರ

ಪ್ಯಾರಿಸ್ ಬಿಡುವಾಗ

ಫ್ರಾನ್ಸಿಗೆ ಹೋಗಿ ಬಂದವರನ್ನು ಜನ ಮೊದಲು ಕೇಳುವುದು ಐಫೆಲ್ ಗೋಪುರದ ಬಗ್ಗೆ. ನಾನು ಅದನ್ನು ರೈಲಿನ ಕಿಟಕಿಯಿಂದ, ಎರಡು ಕಟ್ಟಡಗಳ ಸಂದಿಯಲ್ಲಿ, ಕಣ್ಣು ಮಿಟುಕಿಸುವಷ್ಟು ಹೊತ್ತು ಕಂಡೆ. ಕಣ್ಣು ಮುಚ್ಚಿದರೆ ನನ್ನೆದುರು ಬಂದು ನಿಲ್ಲುವ ಗೋಪುರ ಬೇರೆ. ಅದು ಸಿಮೆಂಟಿನದು, ಬೂದಿ ಬಣ್ಣದ್ದು, ಬಾಗಿಲು ಕಳೆದುಕೊಂಡದ್ದು. ಅದರ ಮೇಲಿನ ಮಹಡಿಯಲ್ಲಿ ನನ್ನ ಕಾಕಾ ನಿಂತಿದ್ದಾನೆ. ಕೆಳಗೆ, ದಂಡೆಯ ಕಡೆ, ಪರಿಚಯವಿಲ್ಲದ ಗಂಡಸೊಬ್ಬ ನನ್ನ ಮುಂಗೈ ಹಿಡಿದು ಎಳೆಯುತ್ತಿದ್ದಾನೆ. ಕಾಕಾನಿಗೂ ನನಗೂ ನಡುವೆ ನೀರು ಏರುತ್ತಿದೆ. ವಿಜಯಪುರದಲ್ಲಿ ಸೊಲ್ಲಾಪುರ ರಸ್ತೆ ದಾಟಲು ಕಾಯುತ್ತ ನಿಂತಾಗಲೂ, ಯಾರಾದರೂ ಹಿಂದಿನಿಂದ ಸರಿದುಹೋದರೆ, ನಾನು ಈಗಲೂ ಆ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತೇನೆ.

ಕಾಕಾ ಎಂದರೆ ನನ್ನ ತಂದೆಯ ತಮ್ಮ, ಗುರುಪಾದಪ್ಪ. ತಿಕೋಟಾದಲ್ಲಿ ಒಣದ್ರಾಕ್ಷಿ ವ್ಯಾಪಾರ. ನಮ್ಮ ಕಡೆ ಅದಕ್ಕೆ ಮಣೂಕ ಅನ್ನುತ್ತೇವೆ. ಅವನು ಪೆಟ್ಟಿಗೆಯ ಮೇಲಿನ ಪದರವನ್ನು ಎಂದೂ ನೋಡುವುದಿಲ್ಲ. ನೇರವಾಗಿ ತಳಕ್ಕೆ ಕೈ ಹಾಕುತ್ತಾನೆ. ಮನುಷ್ಯರ ವಿಷಯದಲ್ಲೂ ಅಷ್ಟೇ. ಎದುರಿನವನು ನಕ್ಕರೆ ಯಾಕೆ ನಕ್ಕ ಎಂದು ಯೋಚಿಸುತ್ತಾನೆ, ನಗದಿದ್ದರೆ ಏನು ಮುಚ್ಚಿಟ್ಟಿದ್ದಾನೆ ಎಂದು ಯೋಚಿಸುತ್ತಾನೆ. ಪ್ಯಾರಿಸಿನಲ್ಲಿ ಒಣಹಣ್ಣುಗಳ ದೊಡ್ಡ ಮೇಳ ನಡೆಯುತ್ತದೆ ಎಂದು ತಿಳಿದಾಗ ಅವನು ನನ್ನನ್ನೂ ಹೊರಡಿಸಿದ. ನಾನು ಇಂಗ್ಲಿಷಿನಲ್ಲಿ ಎಂ.ಎ. ಮಾಡಿದವಳು, ದುಭಾಷಿಯ ಕೆಲಸಕ್ಕೆ ಮನೆಯವರೇ ಆದರೆ ನಂಬಬಹುದು ಎಂಬುದು ಅವನ ಲೆಕ್ಕ. ಅಲ್ಲಿ ನನ್ನ ಇಂಗ್ಲಿಷನ್ನು ಕೇಳುವವರು ಕಡಿಮೆ ಇದ್ದರು ಎಂಬುದು ಬೇರೆ ಮಾತು.

ಮೇಳ ಮುಗಿದ ಮೇಲೆ ಕಾಕಾ, ಸಮುದ್ರ ನೋಡದೆ ಊರಿಗೆ ಬರುವುದಿಲ್ಲ ಎಂದ. ಐವತ್ತು ದಾಟಿದ ಆ ಮನುಷ್ಯ ಸಮುದ್ರವನ್ನು ನೋಡಿಯೇ ಇರಲಿಲ್ಲ. ಹೀಗಾಗಿ ಉತ್ತರ ಕರಾವಳಿಯ ಒಂದು ಸಣ್ಣ ಊರಿಗೆ ರೈಲು ಹತ್ತಿದೆವು.

ರೈಲಿನಲ್ಲಿ

ಕಾಕಾ ತನ್ನ ಚೀಲವನ್ನು ಟವೆಲ್ಲಿನಿಂದ ಕಾಲಿಗೆ ಕಟ್ಟಿಕೊಂಡು ಕುಳಿತ. ಎದುರಿಗೆ ಕೂತಿದ್ದ ವಯಸ್ಸಾದ ಹೆಂಗಸು ಚೀಲವನ್ನು ಮೇಲಿನ ಹಲಗೆಯ ಮೇಲೆ ಇಡಬಹುದು ಎಂದು ಕೈಮಾಡಿ ತೋರಿಸಿದಳು. ಅವನು ತಲೆ ಅಲ್ಲಾಡಿಸಿ ಗಂಟನ್ನು ಇನ್ನೊಂದು ಸುತ್ತು ಬಿಗಿದ. ಸ್ವಲ್ಪ ಹೊತ್ತಿನ ಮೇಲೆ ಆಕೆ ತನ್ನ ಕೈಚೀಲವನ್ನು ಮಡಿಲಿನಿಂದ ತೆಗೆದು ಕಿಟಕಿಯ ಬದಿಗೆ, ನಮಗೆ ಎಟುಕದ ಕಡೆ ಇಟ್ಟುಕೊಂಡಳು.

"ನೋಡಿದ್ಯಾ, ನಮ್ಮ ಮ್ಯಾಲ ಸಂಶೇ ಪಡಾಕತ್ತಾಳ," ಎಂದ ಕಾಕಾ, ಬಹಳ ನೊಂದವನ ಹಾಗೆ.

ಮೂರು ಗಂಟೆಯ ಪ್ರಯಾಣದಲ್ಲಿ ಯಾರೂ ನಮ್ಮನ್ನು ಯಾವ ಊರು, ಯಾರ ಮನೆ ಎಂದು ಕೇಳಲಿಲ್ಲ. ತಿಕೋಟಾದಿಂದ ವಿಜಯಪುರಕ್ಕೆ ಹೋಗುವ ಬಸ್ಸಿನಲ್ಲಿ ಊರಿನ ಅಗಸಿ ದಾಟುವುದರೊಳಗೆ ಪಕ್ಕದವರಿಗೆ ನಮ್ಮ ಅಜ್ಜನ ಹೆಸರು ಗೊತ್ತಾಗಿರುತ್ತದೆ. ಕೇಳದವರನ್ನು ನಂಬುವುದು ಹೇಗೆ ಎಂದು ಕಾಕಾ ಕೇಳಿದ. ಆ ಡಬ್ಬಿಯಲ್ಲಿ ಎಲ್ಲರೂ ಪುಸ್ತಕದಲ್ಲೋ ಫೋನಿನಲ್ಲೋ ಮುಖ ಹುದುಗಿಸಿದ್ದರು, ಆದರೂ ಎಲ್ಲರೂ ನಮ್ಮನ್ನೇ ನೋಡುತ್ತಿದ್ದಾರೆ ಎಂದು ನನಗೆ ಅನಿಸುತ್ತಿತ್ತು.

ಕಡಲ ಊರು

ನಾವು ಉಳಿದದ್ದು ಒಬ್ಬ ವಿಧವೆಯ ಮನೆಯ ಮೇಲಿನ ಕೋಣೆಯಲ್ಲಿ. ಆಕೆ ಎತ್ತರದ, ಮಾತು ಕಡಿಮೆಯ ಹೆಂಗಸು. ಕಾಕಾ ತಾನು ತಂದಿದ್ದ ಕಟಕ ರೊಟ್ಟಿ, ಶೇಂಗಾ ಚಟ್ನಿಯನ್ನು ಆಕೆಯ ಅಡುಗೆಮನೆಯ ಮೇಜಿನ ಮೇಲೆ ಬಿಚ್ಚಿದಾಗ ಆಕೆ ಒಂದು ರೊಟ್ಟಿಯನ್ನು ಎತ್ತಿ, ಬೆರಳಿನಿಂದ ತಟ್ಟಿ ನೋಡಿ, ಇದು ತಿನ್ನುವ ವಸ್ತುವೇ ಎಂಬಂತೆ ನನ್ನತ್ತ ನೋಡಿದಳು. ಆಕೆ ಕೊಟ್ಟ ಸೂಪಿನ ಬಟ್ಟಲನ್ನು ಕಾಕಾ ಅಷ್ಟೇ ಎಚ್ಚರಿಕೆಯಿಂದ ಮೂಸಿದ. ಇಬ್ಬರೂ ಸಮ ಸಮ ಆದರು.

ಬೆಳಿಗ್ಗೆ ಕಿಟಕಿ ತೆರೆದರೆ ಸಮುದ್ರವೇ ಇರಲಿಲ್ಲ. ಕಣ್ಣು ಹಾಯುವವರೆಗೆ ಒದ್ದೆ ಮರಳು. ದೂರದಲ್ಲಿ ಒಂದು ಬೆಳ್ಳಿಯ ಗೆರೆ. ಮರಳಿನ ನಡುವೆ ಒಂದು ಬಂಡೆ, ಬಂಡೆಯ ಮೇಲೆ ಆ ಗೋಪುರ. ಎರಡನೆಯ ಮಹಾಯುದ್ಧದಲ್ಲಿ ಜರ್ಮನ್ ಸೈನಿಕರು ಈ ದಂಡೆಯುದ್ದಕ್ಕೂ ಹೀಗೆ ಕಾವಲು ಗೋಪುರಗಳನ್ನು ಕಟ್ಟಿ, ಶತ್ರುವಿನ ಹಡಗು ಬರುತ್ತದೆಂದು ಸಮುದ್ರವನ್ನೇ ನೋಡುತ್ತ ಕುಳಿತಿದ್ದರು ಎಂದು ನಾನು ಓದಿದ್ದೆ. ಯುದ್ಧ ಮುಗಿದ ಮೇಲೆ ಅವು ಯಾರಿಗೂ ಬೇಡವಾದವು. ಕೆಡವಲಿಕ್ಕೂ ಆಗದಷ್ಟು ಗಟ್ಟಿ.

ಕಾಕಾನಿಗೆ ಅದನ್ನು ನೋಡಿ ಊರಿನ ಹುಡೇವು ನೆನಪಾಯಿತು. ನಮ್ಮ ಹಳ್ಳಿಗಳಲ್ಲಿ ದರೋಡೆಕೋರರ ದಾರಿ ನೋಡಲು ಕಟ್ಟಿದ ದುಂಡನೆಯ ಬುರುಜು ಅದು. ಅಂಥದನ್ನು ನೋಡಿದ ಮೇಲೆ ಹತ್ತದೆ ಬಿಡುವ ಮನುಷ್ಯನಲ್ಲ ಕಾಕಾ.

ನಾವು ಹೊರಟಾಗ ಮನೆಯೊಡತಿ ಅಡ್ಡ ನಿಂತಳು. ಗೋಡೆಯ ಗಡಿಯಾರ ತೋರಿಸಿದಳು. ನಮ್ಮ ಬೂಟು ತೋರಿಸಿದಳು. ಅಂಗೈಯನ್ನು ನೆಲದಿಂದ ಎದೆಯವರೆಗೆ ಮೆಲ್ಲಗೆ ಎತ್ತಿದಳು. ನಾನು ಉಬ್ಬರವಿಳಿತದ ಬಗ್ಗೆ ಶಾಲೆಯಲ್ಲಿ ಟಿಪ್ಪಣಿ ಬರೆದವಳು, ಚಂದ್ರನ ಚಿತ್ರ ಬಿಡಿಸಿ ಅಂಕ ಪಡೆದವಳು. ಹಾಗಾಗಿ ಅರ್ಥವಾಯಿತು ಎಂದು ತಲೆ ಅಲ್ಲಾಡಿಸಿ, ನೀರು ಬರುವುದು ಕಂಡರೆ ತಿರುಗಿ ಬರೋಣ ಎಂದು ಕಾಕಾನಿಗೆ ಹೇಳಿದೆ. ನೀರು ಎದುರಿನಿಂದ ಬರುತ್ತದೆ, ನಮಗೆ ಕಾಣುತ್ತದೆ ಎಂದುಕೊಂಡಿದ್ದೆ. ಹಿಂದಿನಿಂದ ಬರಬಹುದು ಎಂದು ನಾನು ಬಿಡಿಸಿದ ಚಿತ್ರದಲ್ಲಿ ಇರಲಿಲ್ಲ.

ಕಾಕಾನ ತಿಳಿವಳಿಕೆ ಇನ್ನೂ ಬೇರೆ. ಹೊತ್ತಾಗಿ ಬಂದರೆ ಆಕೆ ಹೆಚ್ಚಿನ ಬಾಡಿಗೆ ಕೇಳುತ್ತಾಳೆ ಎಂದು ಅವನು ತೀರ್ಮಾನಿಸಿದ.

ಮರಳಿನ ಮೇಲೆ

ಮರಳಿನ ಮೇಲೆ ಕಂಬಗಳ ಸಾಲುಗಳಿದ್ದವು. ನಮ್ಮ ದ್ರಾಕ್ಷಿ ಪಡಗಳ, ಎಂದರೆ ತೋಟಗಳ ಹಾಗೆಯೇ ನೇರ, ಅಷ್ಟೇ ಅಂತರ. ಬಳ್ಳಿಯ ಬದಲು ಕಂಬದ ಸುತ್ತ ಕಪ್ಪು ಚಿಪ್ಪುಗಳು ಗೊಂಚಲು ಗೊಂಚಲಾಗಿ ಅಂಟಿದ್ದವು. ಆ ಚಿಪ್ಪಿನೊಳಗಿನ ಜೀವಿಯನ್ನು ಅಲ್ಲಿಯವರು ತಿನ್ನುತ್ತಾರೆ, ಅದಕ್ಕಾಗಿಯೇ ಬೆಳೆಸುತ್ತಾರೆ. ಟ್ರ್ಯಾಕ್ಟರುಗಳು ಅವನ್ನು ತುಂಬಿಕೊಂಡು ಒಂದರ ಹಿಂದೆ ಒಂದು ದಂಡೆಗೆ ಮರಳುತ್ತಿದ್ದವು. ಸಮುದ್ರದಲ್ಲಿ ಟ್ರ್ಯಾಕ್ಟರ್ ಕಂಡು ಕಾಕಾನಿಗೆ ಖುಷಿಯೋ ಖುಷಿ. ಎಲ್ಲವೂ ಒಂದೇ ದಿಕ್ಕಿಗೆ, ಅವಸರದಲ್ಲಿ ಹೋಗುತ್ತಿರುವುದನ್ನು ನಾವು ನೋಡಿದೆವು. ನ್ಯಾರೇದ ಹೊತ್ತು, ಉಣ್ಣಲು ಹೊರಟಿದ್ದಾರೆ ಎಂದ ಕಾಕಾ.

ಕೊನೆಯ ಟ್ರ್ಯಾಕ್ಟರ್ ನಮ್ಮ ಹತ್ತಿರ ನಿಂತಿತು. ಓಡಿಸುತ್ತಿದ್ದವನಿಗೆ ನಲವತ್ತಿರಬಹುದು, ಕೆಂಪು ಮುಖ, ಎದೆಯವರೆಗೆ ರಬ್ಬರಿನ ಪ್ಯಾಂಟು. ಏನೋ ಕೂಗಿದ, ಹಿಂದಿನ ಟ್ರೇಲರ್ ತೋರಿಸಿದ, ಹತ್ತಿರಿ ಎಂದು ಕೈ ಬೀಸಿದ. ದನಿಯಲ್ಲಿ ಸಿಟ್ಟಿತ್ತು. ನಾನು ಆಸುಪಾಸು ನೋಡಿದೆ. ನಮ್ಮನ್ನು ಬಿಟ್ಟರೆ ಯಾರೂ ಇರಲಿಲ್ಲ.

"ಹತ್ತಬ್ಯಾಡ," ಎಂದ ಕಾಕಾ. "ಹತ್ತಿಸಿಕೊಂಡು, ಇಳಿಸುಮುಂದ ರೊಕ್ಕಾ ಕೇಳ್ತಾನ. ಬಾ, ಹೊಳ್ಳಿ ನೋಡಬ್ಯಾಡ."

ಇದು ಮಣೂಕ ಪೇಟೆಯ ರೀತಿ. ಮಾರುವವನು ಕರೆದಾಗ ಕೊಳ್ಳುವವನು ಬೆನ್ನು ತಿರುಗಿಸಿ ನಡೆಯುತ್ತಾನೆ. ಕರೆಯುವ ದನಿ ಏರಿದಷ್ಟೂ ದರ ಇಳಿಯುತ್ತದೆ. ಹೊರಳಿ ನೋಡಿದವನು ಸೋತ. ಕಾಕಾ ಆ ಪೇಟೆಯಲ್ಲಿ ಹೊರಳಿ ನೋಡಿದವನಲ್ಲ. ಟ್ರ್ಯಾಕ್ಟರಿನವನು ಕೂಗಿದ, ಹಾರ್ನ್ ಒತ್ತಿದ, ಸೀಟಿನ ಮೇಲೆ ಎದ್ದು ನಿಂತು ಕೂಗಿದ. ಪ್ರತಿ ಕೂಗಿಗೂ ಕಾಕಾನ ಹೆಜ್ಜೆ ಇನ್ನಷ್ಟು ಬೀಸಾಯಿತು. "ದರ ಇಳಸಾಕತ್ತಾನ," ಎಂದ, ತನ್ನಷ್ಟಕ್ಕೆ ನಗುತ್ತ.

ಬಂಡೆಗೆ ಮುಂಚೆ ಒಂದು ಹಳ್ಳ ಇತ್ತು; ಪಾದ ಮುಳುಗುವಷ್ಟು ನೀರು. ನಾನು ಅನುಮಾನಿಸಿದೆ. ಕಾಕಾ ತಲೆಯೆತ್ತಿ ಆಕಾಶ ನೋಡಿದ. ಡೋಣಿ ಹೊಳೆಯ ನಾಡಿನವರಿಗೆ ಅದೇ ಅಭ್ಯಾಸ. ಮೇಲೆ ಎಲ್ಲಿಯಾದರೂ ಮೋಡ ಕಟ್ಟಿದ್ದರೆ ಹಳ್ಳಕ್ಕೆ ಇಳಿಯಬಾರದು, ಇಲ್ಲದಿದ್ದರೆ ಭಯವಿಲ್ಲ. ಅಂದು ಆಕಾಶ ತೊಳೆದಿಟ್ಟ ತಾಟಿನ ಹಾಗಿತ್ತು.

"ಒಂದ ಮಾಡ ಇಲ್ಲ. ನೀರು ಎಲ್ಲಿಂದ ಬರ್ತೈತಿ?" ಎನ್ನುತ್ತ ಅವನು ದಾಟಿದ.

ನನ್ನ ಬೂಟು ಕೆಸರಿನಲ್ಲಿ ಸಿಕ್ಕಿಕೊಂಡಿತ್ತು. ನೀನು ಮುಂದೆ ನಡೆ, ಬರುತ್ತೇನೆ ಎಂದೆ. ಅವನು ಬಂಡೆ ಹತ್ತಿ, ಗೋಪುರದೊಳಗೆ ಮಾಯವಾದ. ಸ್ವಲ್ಪ ಹೊತ್ತಿನಲ್ಲಿ ಮೇಲಿನಿಂದ ಅವನ ದನಿ ಕೇಳಿಸಿತು. ಸಮುದ್ರದ ಕಡೆಗೆ ಉದ್ದನೆಯ ಸೀಳು ಕಿಟಕಿಗಳಿವೆ, ಊರಿನ ಕಡೆಗೂ ಒಂದು ಕಿಂಡಿ ಬಿಟ್ಟಿದ್ದಾರೆ ಎಂದು ಕೂಗಿ ಹೇಳಿದ. "ಊರ ಮಂದೀನೂ ನಂಬಿಲ್ಲ ನೋಡ ಇವ್ರು. ಕಟ್ಟಿದಾಂವ ನನ್ನಂಥಾಂವನ ಇರಬೇಕು."

ನಾನು ನಕ್ಕೆ. ಬಗ್ಗಿ ಬೂಟು ಕಿತ್ತೆ. ತಲೆ ಎತ್ತಿದಾಗ ಹಳ್ಳ ಅಗಲವಾಗಿತ್ತು.

ಹಳ್ಳ

ನೀರು ಸಮುದ್ರದ ಕಡೆಯಿಂದ ಬಂದಿರಲಿಲ್ಲ. ಹಳ್ಳದ ಎರಡೂ ತುದಿಗಳಿಂದ ಸದ್ದಿಲ್ಲದೆ ತುಂಬಿಕೊಳ್ಳುತ್ತಿತ್ತು, ನೊರೆಯಿಲ್ಲ, ಅಲೆಯಿಲ್ಲ. ಎದುರಿನ ಬೆಳ್ಳಿ ಗೆರೆ ಇನ್ನೂ ಅಲ್ಲೇ ಇದ್ದಂತಿತ್ತು. ಕಾಕಾನನ್ನು ಕರೆತರಬೇಕು ಎಂಬುದೊಂದೇ ತಲೆಯಲ್ಲಿತ್ತು. ನೀರಿಗೆ ಕಾಲಿಟ್ಟೆ, ಎರಡನೆಯ ಹೆಜ್ಜೆಗೇ ಮೊಣಕಾಲು ಮುಳುಗಿತು.

ಆಗ ಹಿಂದಿನಿಂದ ಯಾರೋ ನನ್ನ ಮುಂಗೈ ಹಿಡಿದರು.

ಟ್ರ್ಯಾಕ್ಟರಿನವನು. ಓಡಿ ಬಂದು ಏದುಸಿರು ಬಿಡುತ್ತಿದ್ದ. ಏನೋ ಕಿರುಚುತ್ತ ನನ್ನನ್ನು ಹಿಂದಕ್ಕೆ, ತನ್ನ ಟ್ರ್ಯಾಕ್ಟರಿನ ಕಡೆಗೆ ಎಳೆದ. ಈಗ ಬರೆಯುತ್ತ ಕುಳಿತಾಗ ಎಲ್ಲ ಸರಳ. ಆಗ ನನ್ನ ತಲೆಯಲ್ಲಿದ್ದದ್ದು ಇಷ್ಟು: ನಿರ್ಜನ ಜಾಗ, ಗಂಡಸು, ಕೈ. ನಾನು ಕೂಗಿದೆ. ಬಿಡಿಸಿಕೊಳ್ಳಲಾಗದೆ ಅವನ ಕೈಯನ್ನು ಕಚ್ಚಿದೆ. ಅವನು ಬಿಡಲಿಲ್ಲ.

ನನ್ನ ಕೂಗು ಗೋಪುರ ಮುಟ್ಟಿತು. ಊರಿನ ಕಡೆಗಿದ್ದ ಕಿಂಡಿಯಲ್ಲಿ ಕಾಕಾನ ಮುಖ ಕಂಡಿತು. ಅಲ್ಲಿಂದ ಅವನಿಗೆ ಏನು ಕಂಡಿರಬಹುದು ಎಂದು ನಾನು ಎಷ್ಟೋ ಸಲ ಲೆಕ್ಕ ಹಾಕಿದ್ದೇನೆ. ನೀರು ಕಂಡಿರಲಿಕ್ಕಿಲ್ಲ. ಅಣ್ಣನ ಮಗಳನ್ನು ಒಬ್ಬ ಎಳೆದೊಯ್ಯುತ್ತಿರುವುದು ಮಾತ್ರ ಕಂಡಿರಬೇಕು. ಅವನು ಅಲ್ಲೇ ನಿಂತಿದ್ದರೆ ಏನೂ ಆಗುತ್ತಿರಲಿಲ್ಲ. ಗೋಪುರ ಎತ್ತರದ್ದು, ನೀರು ಇಳಿಯುವವರೆಗೆ ಹಸಿದು, ಬೈಯುತ್ತ ಕೂತಿರುತ್ತಿದ್ದ. ಆದರೆ ಅವನು ಕೆಳಗಿಳಿದು ಬಂಡೆಯ ಅಂಚಿಗೆ ಓಡಿ ಬಂದ. ಟವೆಲ್ಲನ್ನು ಸೊಂಟಕ್ಕೆ ಬಿಗಿದ. ಹಾರಿಬಿಟ್ಟ.

ಕಾಕಾ ಒಳ್ಳೆಯ ಈಜುಗಾರ. ಬಬಲೇಶ್ವರದ ಹತ್ತಿರ ಅವನ ತಾಯಿಯ ತವರಿನಲ್ಲಿ ಒಂದು ದೊಡ್ಡ ಬಾವಿ ಇದೆ. ಅದರ ಮೇಲಿನ ಮೆಟ್ಟಿಲಿನಿಂದ ತಲೆ ಕೆಳಗಾಗಿ ಹಾರಿ ತಳದ ಕೆಸರು ಹಿಡಿದು ತರುತ್ತಿದ್ದನಂತೆ. ಆದರೆ ಬಾವಿಯ ನೀರು ನಿಂತ ನೀರು. ಎಲ್ಲಿ ಹಾರುತ್ತೇವೋ ಅಲ್ಲೇ ಏಳುತ್ತೇವೆ. ನಾಲ್ಕು ಸಲ ಕೈ ಬೀಸಿದರೆ ಯಾವ ದಿಕ್ಕಿಗಾದರೂ ಗೋಡೆ ಸಿಗುತ್ತದೆ. ಕಾಕಾ ನಮ್ಮ ಕಡೆಗೆ ಮುಖ ಮಾಡಿ, ಬಾವಿಯಲ್ಲಿ ಬೀಸುವ ಹಾಗೆಯೇ ಕೈ ಬೀಸಿದ. ನೀರು ಅವನನ್ನು ಪಕ್ಕಕ್ಕೆ ಒಯ್ಯಿತು. ಅವನು ಮತ್ತೂ ನಮ್ಮ ಕಡೆಗೇ ಬೀಸಿದ. ಪ್ರತಿ ಸಲ ತಲೆ ಎತ್ತಿದಾಗಲೂ ಅವನು ಬೇರೆ ಜಾಗದಲ್ಲಿದ್ದ.

ಟ್ರ್ಯಾಕ್ಟರಿನವನು ನನ್ನ ಕೈ ಬಿಟ್ಟ. ಒಂದು ಕ್ಷಣ ಕಾಕಾನನ್ನು ನೋಡಿದ. ಆಮೇಲೆ ತಿರುಗಿ ಓಡತೊಡಗಿದ. ಇವನು ನಮ್ಮನ್ನು ಬಿಟ್ಟು ಓಡಿಹೋಗುತ್ತಿದ್ದಾನೆ ಎಂದೇ ನಾನು ತಿಳಿದೆ.

ಕಂಬಗಳ ಸಾಲು

ಅವನು ಟ್ರ್ಯಾಕ್ಟರ್ ತಿರುಗಿಸಿ ನನ್ನ ಹತ್ತಿರ ತಂದ. ಟ್ರೇಲರ್ ತೋರಿಸಿ, ಅದರಲ್ಲಿದ್ದ ಚಿಪ್ಪಿನ ಪೆಟ್ಟಿಗೆಗಳಿಗೆ ಕಟ್ಟಿದ್ದ ಹಗ್ಗ ತೋರಿಸಿ, ನನ್ನ ಕೈಗಳನ್ನು ತೋರಿಸಿದ. ನಡೆಸಲು ಒಬ್ಬರು, ಹಗ್ಗ ಎಸೆಯಲು ಒಬ್ಬರು ಬೇಕಿತ್ತು. ಅವನ ಕೈಯಿಂದ ರಕ್ತ ಸೋರುತ್ತಿತ್ತು. ನಾನು ಹತ್ತಿದೆ. ಅವನ ಮೇಲಿನ ನಂಬಿಕೆಯಿಂದ ಹತ್ತಿದೆ ಎಂದು ಬರೆದರೆ ಸುಳ್ಳಾಗುತ್ತದೆ. ಕಾಕಾ ಆ ಕಡೆ ಇದ್ದ, ಟ್ರ್ಯಾಕ್ಟರ್ ಆ ಕಡೆ ಹೋಗುತ್ತಿತ್ತು.

ನೀರು ಕಾಕಾನನ್ನು ದಂಡೆಯ ಕಡೆಗಿನ ಕಂಬಗಳ ಸಾಲಿಗೆ ತಂದು ಹಾಕಿತ್ತು. ಅವನು ಒಂದು ಕಂಬವನ್ನು ಎರಡೂ ತೋಳುಗಳಿಂದ ಅಪ್ಪಿಕೊಂಡಿದ್ದ. ಚಿಪ್ಪುಗಳು ತೋಳು ಕೊಯ್ದಿದ್ದವು. ಟ್ರ್ಯಾಕ್ಟರ್ ನೀರಿಗೆ ಇಳಿಯಿತು. ದೊಡ್ಡ ಗಾಲಿಗಳು ಅರ್ಧ ಮುಳುಗಿದವು. ಅದಕ್ಕಿಂತ ಮುಂದೆ ಹೋಗುವಂತಿರಲಿಲ್ಲ. ಓಡಿಸುತ್ತಿದ್ದವನು ಹಿಂದಕ್ಕೆ ತಿರುಗಿ ನನಗೆ ಎಸೆ ಎಂದು ಸನ್ನೆ ಮಾಡಿದ.

ನಾನು ಹಗ್ಗ ಎಸೆದೆ. ಅದು ಕಾಕಾನ ಭುಜಕ್ಕೆ ತಾಗಿ ಪಕ್ಕದಲ್ಲಿ ತೇಲಿತು. ಅವನು ಮುಟ್ಟಲಿಲ್ಲ. ಅವನ ಕಣ್ಣು ನನ್ನ ಮೇಲಿತ್ತು, ಆಮೇಲೆ ಸ್ಟೇರಿಂಗ್ ಹಿಡಿದವನ ಮೇಲೆ.

"ಜಿಗಿ ಮಗಳ," ಎಂದು ಕೂಗಿದ. "ಅಂವ ಮುಂದ ನೋಡಾಕತ್ತಾನ. ಈಗ ಜಿಗಿ."

ಎದೆಯವರೆಗೆ ಮುಳುಗಿದ್ದವನು ನನಗೆ ನೀರಿಗೆ ಹಾರು ಎನ್ನುತ್ತಿದ್ದ. ನನ್ನನ್ನು ಆ ಟ್ರ್ಯಾಕ್ಟರಿನವನಿಂದ ಬಿಡಿಸಲು. ಹಗ್ಗ ಹಿಡಿ ಎಂದೆ. ಮೊದಲು ನೀನು ಜಿಗಿ ಎಂದ. ನೀರು ಭುಜಕ್ಕೆ ಬಂತು. ಟ್ರ್ಯಾಕ್ಟರಿನವನು ನಾವು ಮಾತಾಡುವುದನ್ನು ಕೇಳಿ ತಲೆ ಚಚ್ಚಿಕೊಂಡ. ಮುಳುಗುವವರು ಹೀಗೆ ಚರ್ಚೆ ಮಾಡುವುದನ್ನು ಅವನು ಎಲ್ಲೂ ನೋಡಿರಲಿಕ್ಕಿಲ್ಲ.

ಈ ಮನುಷ್ಯ ಒಳ್ಳೆಯವನು ಎಂದರೆ ಕಾಕಾ ನಂಬುತ್ತಿರಲಿಲ್ಲ. ಒಳ್ಳೆಯವರು ಎಂಬ ಜಾತಿಯನ್ನೇ ಅವನು ಒಪ್ಪುವವನಲ್ಲ. ನನ್ನ ಬಾಯಿಗೆ ಬಂದದ್ದನ್ನು ಹೇಳಿದೆ.

"ಕಾಕಾ, ಇವ್ರು ನಮ್ಮ ಪೈಕಿ."

"ಯಾರು?"

"ಇವ್ರು. ನನಗ ಗುರ್ತ ಸಿಕ್ಕೈತಿ. ನಮ್ಮ ಪೈಕಿ ಮನಷ್ಯಾ ಅದಾರ. ಹಿಡಿ ಹಗ್ಗಾ."

ಫ್ರಾನ್ಸಿನ ಸಮುದ್ರದಲ್ಲಿ, ಕೆಂಪು ಮುಖದ ಟ್ರ್ಯಾಕ್ಟರಿನವನು ನಮ್ಮ ಬೀಗರ ಕಡೆಯವನು ಎಂದು ನಾನು ಹೇಳಿದೆ. ಅದರಲ್ಲಿ ಅರ್ಥವಿರಲಿಲ್ಲ. ಕಾಕಾ ನನ್ನ ಮುಖ ನೋಡಿದ. ನಾನು ಕಣ್ಣು ಕೀಳಲಿಲ್ಲ. ಅವನು ಕಂಬದಿಂದ ಒಂದು ಕೈ ತೆಗೆದ, ಹಗ್ಗವನ್ನು ಮುಂಗೈಗೆ ಸುತ್ತಿಕೊಂಡ, ಆಮೇಲೆ ಇನ್ನೊಂದು ಕೈಯನ್ನೂ ಬಿಟ್ಟ.

ಚಿಪ್ಪಿನವರ ಶೆಡ್ಡು

ದಂಡೆಯ ಶೆಡ್ಡಿನಲ್ಲಿ ನಮಗೆ ಕಂಬಳಿ ಹೊದಿಸಿದರು. ಟ್ರ್ಯಾಕ್ಟರಿನವನು ನಲ್ಲಿಯ ಕೆಳಗೆ ಕೈ ಹಿಡಿದು ನಿಂತಿದ್ದ. ನನ್ನ ಹಲ್ಲಿನ ಗುರುತು ಎದ್ದು ಕಾಣುತ್ತಿತ್ತು. ನಾನು ಕೈಮುಗಿದೆ. ಅವನು ನಗಲಿಲ್ಲ, ಪರವಾಗಿಲ್ಲ ಎನ್ನಲೂ ಇಲ್ಲ. ನನ್ನನ್ನು ನೋಡಿ ಅರ್ಧ ಹೆಜ್ಜೆ ಹಿಂದೆ ಸರಿದ.

ಕಿತ್ತಳೆ ಬಣ್ಣದ ಬಟ್ಟೆಯ ಇಬ್ಬರು ರಕ್ಷಣಾ ಸಿಬ್ಬಂದಿ ಬಂದರು. ಒಬ್ಬನಿಗೆ ಇಂಗ್ಲಿಷ್ ಬರುತ್ತಿತ್ತು. ಪಾಸ್‌ಪೋರ್ಟ್ ಕೇಳಿದ. ಗೋಪುರದಲ್ಲಿ ಏನು ಕೆಲಸ ಎಂದು ಕೇಳಿದ. ಇವರು ಕರೆದದ್ದು ಕೇಳಿಸಲಿಲ್ಲವೇ ಎಂದ. ಕೇಳಿಸಿತು ಎಂದೆ. ಮತ್ತೆ ಯಾಕೆ ಬರಲಿಲ್ಲ ಎಂದ. ಮಣೂಕ ಪೇಟೆಯ ರೀತಿಯನ್ನು ನಾನು ಇಂಗ್ಲಿಷಿನಲ್ಲಿ ಹೇಗೆ ವಿವರಿಸಲಿ? ಅರ್ಥವಾಗಲಿಲ್ಲ ಎಂದಷ್ಟೇ ಹೇಳಿದೆ. ಅವನು ನಂಬಿದಂತೆ ಕಾಣಲಿಲ್ಲ. ಅದೇ ಪ್ರಶ್ನೆಯನ್ನು ಇನ್ನೊಮ್ಮೆ ಕೇಳಿದ.

ಅವರು ಆಚೆ ಹೋದ ಮೇಲೆ ಕಾಕಾ ಬಾಯಿ ಬಿಟ್ಟ. ಹಲ್ಲು ಕಟಕಟ ಎನ್ನುತ್ತಿತ್ತು.

"ಅಂವ ನಿನಗ ಮುಟ್ಟಿದ್ನೇನು?"

"ಮುಟ್ಟಲಿಲ್ಲ ಕಾಕಾ. ಹಿಡದಿದ್ರು."

ಅವನು ಕಂಬಳಿಯೊಳಗಿನಿಂದ ಕೈ ತೆಗೆದು ನನ್ನ ಮುಂಗೈಯ ಕೆಂಪು ಬೆರಳಚ್ಚುಗಳನ್ನು ನೋಡಿದ, ಪೆಟ್ಟಿಗೆಯ ತಳದ ಮಣೂಕ ನೋಡುವ ಹಾಗೆ.

ತಿಕೋಟಾ

ಊರಿನಲ್ಲಿ ಕಾಕಾ ಈ ಕಥೆಯನ್ನು ತನ್ನದೇ ರೀತಿಯಲ್ಲಿ ಹೇಳುತ್ತಾನೆ. ಅದರಲ್ಲಿ ಅವನ ಹಾರುವಿಕೆ ಇದೆ, ಕಂಬ ಇದೆ, ಟ್ರ್ಯಾಕ್ಟರ್ ಇದೆ. ಕೊನೆಗೆ ಬರುವುದು ನನ್ನ ವಿದ್ಯೆ. "ಕಲತಾಕಿ ನೋಡ್ರಿ. ಬರೇ ಮಾರಿ ನೋಡಿ ಅಂವ ಎಂಥಾಂವ ಅಂತ ಗುರ್ತ ಹಿಡದ್ಳು." ಕೇಳಿದವರು ನನ್ನ ಕಡೆ ಗೌರವದಿಂದ ನೋಡುತ್ತಾರೆ. ನಾನು ಚಹಾ ಕುಡಿಯುತ್ತೇನೆ.

ಇದರ ಫಲವಾಗಿ ನನಗೊಂದು ಹೊಸ ಕೆಲಸ ಅಂಟಿಕೊಂಡಿತು. ಹೊಸ ವ್ಯಾಪಾರಿ ಬಂದಾಗಲೆಲ್ಲ ಕಾಕಾ ವಿಜಯಪುರಕ್ಕೆ ಫೋನು ಮಾಡಿ ನನ್ನನ್ನು ಕರೆಸುತ್ತಾನೆ. ನಾನು ಬಸ್ಸು ಹತ್ತಿ ಬಂದು, ಅಂಗಡಿಯಲ್ಲಿ ಕೂತು, ಬಂದವರ ಮುಖ ನೋಡಬೇಕು. ಇಲ್ಲಿಯವರೆಗೆ ಸುಮ್ಮನೆ ಹೂಂ ಎಂದು ತಲೆ ಅಲ್ಲಾಡಿಸಿ ಪಾರಾಗಿದ್ದೆ.

ಹೋದ ವಾರ ದೂರದ ಊರಿನ ವ್ಯಾಪಾರಿ ಬಂದಿದ್ದ. ಬಿಳಿ ಅಂಗಿ, ಮೆತ್ತನೆಯ ಮಾತು. ಇಡೀ ಹಂಗಾಮಿನ ಮಾಲನ್ನು ಉದ್ರಿಯಾಗಿ, ಹಣ ಆಮೇಲೆ ಕೊಡುತ್ತೇನೆಂದು ಕೇಳುತ್ತಿದ್ದ. ಅವನು ಫೋನಿನಲ್ಲಿ ಮಾತಾಡಲು ಅಂಗಡಿಯ ಹೊರಗೆ ಹೋದಾಗ ಕಾಕಾ ನನ್ನತ್ತ ವಾಲಿದ.

"ಹೆಂಗದಾನ ನೋಡವಾ. ಕೊಡೂಣೇನು?"

ನಾನು ನೋಡಿದೆ. ಬಿಸಿಲಿನಲ್ಲಿ ನಿಂತು ಒಬ್ಬ ಮನುಷ್ಯ ಮಾತಾಡುತ್ತಿದ್ದ. ಅವನ ಮುಖದಲ್ಲಿ ನನಗೆ ಏನೂ ಕಾಣಲಿಲ್ಲ.

"ನನಗ ತಿಳಿಯೂದಿಲ್ಲ ಕಾಕಾ."

"ಅವತ್ತ ಹೆಂಗ ತಿಳೀತು?"

"ಅವತ್ತೂ ತಿಳಿದಿದ್ದಿಲ್ಲ."

ಮುಂದಿದ್ದ ಪೆಟ್ಟಿಗೆಯೊಳಗೆ ಕಾಕಾನ ಕೈ ಇತ್ತು, ಅಲ್ಲೇ ನಿಂತಿತು. ತೋಳಿನ ಮೇಲೆ ಚಿಪ್ಪು ಕೊಯ್ದ ಗೆರೆಗಳು ಬೆಳ್ಳಗಾಗಿದ್ದವು.

"ಹಂಗಾರ ನಾ ಕಂಬಾ ಬಿಟ್ಟೆನಲ್ಲ, ಯಾವ ನಂಬಿಕಿ ಮ್ಯಾಲ ಬಿಟ್ಟೆ?"

ವ್ಯಾಪಾರಿ ಫೋನು ಮುಗಿಸಿ ಒಳಗೆ ಬಂದ, ಇಬ್ಬರ ಮುಖವನ್ನೂ ನೋಡಿ ಬಾಗಿಲಲ್ಲೇ ನಿಂತ. ಕಾಕಾ ಅವನತ್ತ ನೋಡಲಿಲ್ಲ. ನನ್ನನ್ನೇ ನೋಡುತ್ತಿದ್ದ, ನಾನು ಇದೇ ಮೊದಲ ಸಲ ಆ ಅಂಗಡಿಗೆ ಬಂದವಳೋ ಎಂಬಂತೆ.